ಉದ್ದ ಇರುವವರು ರೋಲರ್ ಕೋಸ್ಟರ್ ಹತ್ತುವ ಮುನ್ನ: ಮಲೆನಾಡಿನಿಂದ ಹೊರಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಆರಡಿ ದಾಟಿದವನಿಗೆ ಮಲೆನಾಡಿನಲ್ಲಿ ಬಗ್ಗುವುದು ತಾನಾಗಿಯೇ ರೂಢಿಯಾಗಿಬಿಡುತ್ತದೆ. ಹಳೇ ಮನೆಯ ನಡುಬಾಗಿಲು ದಾಟಲು ಬಗ್ಗಬೇಕು, ಕೊಟ್ಟಿಗೆಯ ಮಾಡಿಗೆ ಬಗ್ಗಬೇಕು, ಆಗುಂಬೆ ಘಾಟಿ ಇಳಿಯುವ ಮಿನಿ ಬಸ್ಸಿನಲ್ಲಿ ಸೀಟು ಸಿಗದಿದ್ದರಂತೂ ಕತ್ತು ವಾರೆ ಮಾಡಿಕೊಂಡೇ ನಿಲ್ಲಬೇಕು. ಇದೇ ರೂಢಿಯಲ್ಲಿ ರೋಲರ್ ಕೋಸ್ಟರ್ ಹತ್ತಿದರೆ ಪೆಟ್ಟು ತಪ್ಪಿದ್ದಲ್ಲ. ಅಲ್ಲಿ ಭುಜ ನೋಯುವುದೂ ಕತ್ತು ಉಳುಕುವುದೂ ಬಗ್ಗಿ ಕೂತವರಿಗೇ. ನೆಟ್ಟಗೆ ಕೂರಲು ಜಾಗ ಇರುವ ಸೀಟು ಯಾವುದು, ಇಲ್ಲದ ಸೀಟು ಯಾವುದು ಎಂದು ಹತ್ತುವ ಮೊದಲೇ ತಿಳಿದುಕೊಂಡರೆ ಉಳಿದದ್ದೆಲ್ಲ ಸಲೀಸು.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ ದೊಡ್ಡ ಕೋಸ್ಟರ್ ಎಂದರೆ ಮೊದಲು ನೆನಪಾಗುವುದು ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿರುವ ವಂಡರ್‌ಲಾ. ಇನ್ನೂ ದೂರ ಹೋಗುವವರಿಗೆ ಮುಂಬೈ–ಪುಣೆ ನಡುವೆ ಖೋಪೋಲಿಯ ಇಮ್ಯಾಜಿಕಾ ಇದೆ. ಊರಲ್ಲೇ ಇದ್ದರೂ ಮಾರಿ ಜಾತ್ರೆಯಲ್ಲಿ ತೂಗುವ ದೋಣಿ ಕೊಲಂಬಸ್, ಗರಗರ ತಿರುಗುವ ಟೋರಾ ಟೋರಾ ತಪ್ಪುವುದಿಲ್ಲ. ಆ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಮೊದಲ ಹಂತ: ಮನೆಯಲ್ಲೇ ಅಳತೆ

ನಿಮ್ಮ ಎತ್ತರ ಎಷ್ಟು ಎನ್ನುವುದು ಅರ್ಧ ಮಾಹಿತಿ ಮಾತ್ರ. ಆ ಎತ್ತರ ಮೈಯಲ್ಲಿ ಎಲ್ಲಿದೆ ಎನ್ನುವುದರ ಮೇಲೆ ಉಳಿದರ್ಧ ನಿಂತಿದೆ. ನನ್ನ ಚಿಕ್ಕಪ್ಪನ ಮಗನೂ ನಾನೂ ನಿಂತರೆ ಒಂದೇ ಸಮ. ಊಟದ ಪಂಕ್ತಿಯಲ್ಲಿ ಕೂತರೆ ನನ್ನ ತಲೆ ಅವನಿಗಿಂತ ನಾಲ್ಕು ಬೆರಳು ಮೇಲಿರುತ್ತದೆ, ಏಕೆಂದರೆ ಅವನ ಉದ್ದವೆಲ್ಲ ಕಾಲಿನಲ್ಲಿದೆ, ನನ್ನದು ಬೆನ್ನಿನಲ್ಲಿ. ಒಂದೇ ಕೋಸ್ಟರ್‌ನಿಂದ ಇಬ್ಬರೂ ಇಳಿದರೆ ಅವನು ಮಂಡಿ ಉಜ್ಜಿಕೊಳ್ಳುತ್ತಾನೆ, ನಾನು ಭುಜ.

ಗೋಡೆಗೆ ತಾಗಿಸಿ ಒಂದು ಗಟ್ಟಿ ಸ್ಟೂಲ್ ಇಡಿ. ಮೆತ್ತನೆಯ ಕುರ್ಚಿ ಬೇಡ, ಅಳತೆ ಕೆಡುತ್ತದೆ. ಸೊಂಟ, ಬೆನ್ನು, ತಲೆ ಮೂರೂ ಗೋಡೆಗೆ ತಾಗುವಂತೆ ಕೂತು, ಮನೆಯವರ ಕೈಯಲ್ಲಿ ಒಂದು ದಪ್ಪ ಪುಸ್ತಕವನ್ನು ನೆತ್ತಿಯ ಮೇಲೆ ಅಡ್ಡ ಇಡಿಸಿ ಪೆನ್ಸಿಲ್ ಗುರುತು ಹಾಕಿಸಿ. ಭುಜದ ಮೇಲ್ಭಾಗಕ್ಕೂ ಒಂದು ಗುರುತು. ಆಮೇಲೆ ಗೋಡೆಯಿಂದ ಮಂಡಿಚಿಪ್ಪಿನ ತುದಿಯವರೆಗೆ ಟೇಪ್ ಹಿಡಿಯಿರಿ. ಕೊನೆಗೆ ನಿಂತ ಎತ್ತರವನ್ನು ಬರಿಗಾಲಲ್ಲಿ ಒಮ್ಮೆ, ಹಾಕಿಕೊಂಡು ಹೋಗುವ ಶೂನಲ್ಲಿ ಒಮ್ಮೆ ಅಳೆಯಿರಿ. ಬೆಳಿಗ್ಗೆ ಎದ್ದ ಕೂಡಲೇ ಅಳೆದರೆ ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಜಾಸ್ತಿ ಬರುತ್ತದೆ. ಇಡೀ ದಿನ ಭಾರ ಹೊತ್ತು ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ಕುಗ್ಗುವುದೇ ಅದಕ್ಕೆ ಕಾರಣ.

ಕೂತ ಎತ್ತರ ಸಾಮಾನ್ಯವಾಗಿ ನಿಂತ ಎತ್ತರದ ಅರ್ಧಕ್ಕಿಂತ ತುಸು ಹೆಚ್ಚು, ಅಂದಾಜು 52 ಪರ್ಸೆಂಟ್. ಆರಡಿ ಎರಡಂಗುಲ, ಅಂದರೆ 188 ಸೆಂ.ಮೀ. ಇರುವವರಿಗೆ ಅದು 98ರ ಆಸುಪಾಸು. ಅಷ್ಟೇ ಎತ್ತರದ ನಿಮ್ಮ ಕೂತ ಅಳತೆ ನೂರು ದಾಟಿದರೆ ನೀವು ಬೆನ್ನುದ್ದದವರು, 95ರ ಕೆಳಗಿದ್ದರೆ ಕಾಲುದ್ದದವರು. ಮುಂದಿನ ಎಲ್ಲ ಹಂತಗಳಲ್ಲೂ ಈ ಎರಡು ಗುಂಪಿಗೆ ಸಲಹೆ ಬೇರೆ ಬೇರೆಯಾಗುವುದರಿಂದ ಈ ಅಳತೆಯನ್ನು ಹಾರಿಸಬೇಡಿ.

ಎರಡನೇ ಹಂತ: ಹತ್ತಬಾರದವರು ಯಾರು

ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಕತ್ತು–ಬೆನ್ನಿನ ಶಸ್ತ್ರಚಿಕಿತ್ಸೆ ಆದವರು ಹತ್ತಬಾರದು ಎಂದು ಎಲ್ಲ ಪಾರ್ಕ್‌ಗಳೂ ಬೋರ್ಡ್ ಹಾಕಿರುತ್ತವೆ. ಉದ್ದ ಇರುವವರಿಗೆ ಸಂಬಂಧಿಸಿದ ಎರಡು ವಿಷಯಗಳು ಮಾತ್ರ ಬೋರ್ಡಿನಲ್ಲಿ ಕಾಣುವುದು ಅಪರೂಪ.

ಒಂದು, ಮಾರ್ಫಾನ್ ಸಿಂಡ್ರೋಮ್. ಹುಟ್ಟಿನಿಂದ ಬರುವ ಈ ಸ್ಥಿತಿಯಲ್ಲಿ ಮೈ ಉದ್ದ ಮತ್ತು ತೆಳ್ಳಗೆ, ಬೆರಳುಗಳು ನೀಳ, ಎರಡೂ ಕೈ ಚಾಚಿದರೆ ಆ ಅಗಲ ಎತ್ತರವನ್ನು ಚೆನ್ನಾಗಿಯೇ ಮೀರುತ್ತದೆ. ಎದೆಮೂಳೆ ಒಳಕ್ಕೋ ಹೊರಕ್ಕೋ ಬಾಗಿರಬಹುದು, ಕಣ್ಣಿಗೆ ಜಾಸ್ತಿ ಪವರ್‌ನ ಕನ್ನಡಕ ಬಂದಿರಬಹುದು. ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆ ಇವರಲ್ಲಿ ದುರ್ಬಲವಾಗಿದ್ದು ಹಿಗ್ಗುತ್ತಾ ಹೋಗಬಹುದು, ಸೀಳುವ ಅಪಾಯವೂ ಇದೆ. ಇಂಥವರಿಗೆ ಕೋಸ್ಟರ್ ಬೇಡವೇ ಬೇಡ. ಉದ್ದ ಇರುವವರೆಲ್ಲರಿಗೂ ಇದು ಇರುತ್ತದೆ ಎಂದೇನಲ್ಲ, ಬಹುಪಾಲು ಜನ ಸುಮ್ಮನೆ ಅಪ್ಪ–ಅಮ್ಮನ ಹಾಗೆ ಉದ್ದ. ಆದರೆ ಮೇಲೆ ಹೇಳಿದ್ದರಲ್ಲಿ ಮೂರ್ನಾಲ್ಕು ಲಕ್ಷಣ ಹೊಂದಿಕೆಯಾಗಿ, ಕುಟುಂಬದಲ್ಲಿ ಯಾರಾದರೂ ಸಣ್ಣ ವಯಸ್ಸಿನಲ್ಲೇ ಹೃದಯದ ತೊಂದರೆಯಿಂದ ದಿಢೀರನೆ ತೀರಿಕೊಂಡಿದ್ದರೆ, ಪಾರ್ಕಿನ ಟಿಕೆಟ್‌ಗಿಂತ ಮೊದಲು ಡಾಕ್ಟರನ್ನು ಕಂಡು ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿ.

ಎರಡು, ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಳ್ಳುವ ನ್ಯೂಮೋಥೊರಾಕ್ಸ್. ಯಾವ ಪೆಟ್ಟೂ ಇಲ್ಲದೆ ತಾನಾಗಿಯೇ ಆಗುವ ಬಗೆಯದು ಹೆಚ್ಚಾಗಿ ಕಾಣಿಸುವುದು ಉದ್ದನೆಯ ತೆಳ್ಳನೆಯ ಹುಡುಗರಲ್ಲೇ, ಬೀಡಿ–ಸಿಗರೇಟು ಸೇದುವವರಲ್ಲಂತೂ ಇನ್ನೂ ಹೆಚ್ಚು. ಹಿಂದೆ ಒಮ್ಮೆ ಆಗಿದ್ದರೆ ಡಾಕ್ಟರ ಒಪ್ಪಿಗೆ ಇಲ್ಲದೆ ಹತ್ತಬೇಡಿ.

ಮೂರನೇ ಹಂತ: ಬೋರ್ಡ್ ಓದುವುದು

ಕನಿಷ್ಠ ಎತ್ತರದ ಗೆರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಗರಿಷ್ಠ ಎತ್ತರವೂ ಇರುತ್ತದೆ ಎನ್ನುವುದು ಉದ್ದದವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಜಗತ್ತಿನ ಅನೇಕ ಕೋಸ್ಟರ್‌ಗಳಲ್ಲಿ ಈ ಮೇಲ್ಮಿತಿ 195 ಅಥವಾ 196 ಸೆಂ.ಮೀ., ಅಂದರೆ ಸುಮಾರು ಆರಡಿ ಐದಂಗುಲ. ಕೆಲವದರಲ್ಲಿ ಮೇಲ್ಮಿತಿಯೇ ಇಲ್ಲ.

ಈ ಮಿತಿಯ ಹಿಂದೆ ಎರಡು ಲೆಕ್ಕ ಇದೆ. ಸೀಟಿನಲ್ಲಿ ಕೂತವನು ಕೈಕಾಲು ಚಾಚಿದರೆ ಎಲ್ಲಿಯವರೆಗೆ ತಲುಪುತ್ತಾನೆ ಎಂದು ಎಂಜಿನಿಯರ್‌ಗಳು ಮೊದಲೇ ಗುರುತು ಮಾಡಿ, ಟ್ರ್ಯಾಕಿನ ಉದ್ದಕ್ಕೂ ಅಷ್ಟು ಜಾಗದೊಳಗೆ ಕಂಬ, ತೊಲೆ, ಸುರಂಗದ ಗೋಡೆ ಯಾವುದೂ ಬಾರದಂತೆ ನೋಡಿಕೊಳ್ಳುತ್ತಾರೆ. ಲೆಕ್ಕ ಹಾಕಿದ ಮನುಷ್ಯನಿಗಿಂತ ನೀವು ಉದ್ದ ಇದ್ದರೆ ಆ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಇನ್ನೊಂದು, ಮೈಯನ್ನು ಸೀಟಿಗೆ ಹಿಡಿದಿಡುವ ಬಾರ್‌ನ ಲೆಕ್ಕ: ಭುಜದ ಮೇಲೆ ಬರುವ ಬಾರ್ ಒಂದು ಮಟ್ಟದವರೆಗೆ ಇಳಿದರೆ ಮಾತ್ರ ಲಾಕ್ ಆಗುತ್ತದೆ. ಬೆನ್ನು ತೀರಾ ಉದ್ದವಾದರೆ ಆ ಮಟ್ಟಕ್ಕೆ ಇಳಿಯುವ ಮೊದಲೇ ಭುಜಕ್ಕೆ ತಾಗಿ ನಿಂತುಬಿಡುತ್ತದೆ. ಆದ್ದರಿಂದ ಗೇಟಿನಲ್ಲಿ ಮಂಡಿ ಸಡಿಲ ಬಿಟ್ಟು ಎರಡು ಸೆಂಟಿಮೀಟರ್ ಉಳಿಸಿಕೊಂಡು ಒಳನುಗ್ಗುವ ಜಾಣತನ ಬೇಡ. ಗೇಟಿನವನ ಕಣ್ಣು ತಪ್ಪಿಸಬಹುದು, ಒಳಗಿರುವ ತೊಲೆ ಅಲ್ಲಾಡುವುದಿಲ್ಲ.

ನಾಲ್ಕನೇ ಹಂತ: ನಿಮ್ಮ ಮೈಗೆ ಯಾವ ಸೀಟು

ಭುಜದ ಬಾರ್ ಇರುವ ಕೋಸ್ಟರ್ ಬೆನ್ನುದ್ದದವರಿಗೆ ತ್ರಾಸಿನದು. ತಲೆಯ ಮೇಲಿಂದ ಬಂದು ಎರಡೂ ಭುಜದ ಮೇಲೆ ಕೂರುವ ಈ ಬಾರ್, ಗಿಡ್ಡ ಇರುವವರಿಗೆ ಕಿವಿಯ ಪಕ್ಕ ಬಡಿಯುತ್ತದೆ, ಉದ್ದದವರಿಗೆ ಕಾಲರ್ ಬೋನ್ ಮೇಲೆ ಒತ್ತುತ್ತದೆ. ಜೊತೆಗೆ ತಲೆ ಹೆಡ್‌ರೆಸ್ಟಿನ ಮೇಲಕ್ಕೆ ಹೋಗಿ ಕತ್ತಿಗೆ ಹಿಂದಿನಿಂದ ಆಸರೆ ಇಲ್ಲದಂತಾಗುತ್ತದೆ. ಹೊಸ ಕೋಸ್ಟರ್‌ಗಳಲ್ಲಿ ಗಟ್ಟಿ ಬಾರ್ ಬದಲು ಮೆತ್ತನೆಯ ಪಟ್ಟಿಗಳು ಜಾಕೆಟಿನ ರೀತಿ ಎದೆಯ ಮೇಲೆ ಕೂರುತ್ತವೆ. ಆಯ್ಕೆ ಇದ್ದರೆ ಅದಕ್ಕೇ ಹೋಗಿ.

ತೊಡೆಯ ಮೇಲೆ ಮಾತ್ರ ಬರುವ ಲ್ಯಾಪ್ ಬಾರ್ ಬೆನ್ನುದ್ದದವರಿಗೆ ಹಬ್ಬ. ಭುಜದ ಮೇಲೆ ಏನೂ ಇಲ್ಲ, ನೆಟ್ಟಗೆ ಕೂರಬಹುದು. ಕಾಲುದ್ದದವರಿಗೆ ಮಾತ್ರ ಫಜೀತಿ: ಮುಂದೆ ಕಾಲು ಚಾಚಲು ಜಾಗ ಇಲ್ಲದಿದ್ದರೆ ಮಂಡಿ ಮೇಲೇಳುತ್ತದೆ, ಬಾರ್ ಸೊಂಟದ ಬುಡಕ್ಕೆ ಹೋಗುವ ಬದಲು ಮಂಡಿಯ ಮೇಲೇ ನಿಲ್ಲುತ್ತದೆ. ಆಗ ಕೋಸ್ಟರ್ ದಿಬ್ಬದ ನೆತ್ತಿ ದಾಟುವಾಗ ಮೈ ಸೀಟಿನಿಂದ ಮೇಲೆದ್ದು ತೊಡೆಗೂ ಬಾರ್‌ಗೂ ನಡುವಿನ ಸಂದಿನಲ್ಲಿ ಕುಣಿಯುತ್ತದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಇಬ್ಬರಿಗೂ ಸೇರಿ ಒಂದೇ ಬಾರ್ ಇರುವ ಗಾಡಿಯಲ್ಲಿ ಸಣ್ಣ ಮಗುವನ್ನು ಪಕ್ಕ ಕೂರಿಸಿಕೊಳ್ಳಬೇಡಿ. ಬಾರ್ ನಿಮ್ಮ ಮಂಡಿಯ ಎತ್ತರಕ್ಕೆ ನಿಲ್ಲುತ್ತದೆ, ಮಗುವಿನ ತೊಡೆಯ ಮೇಲೆ ಗೇಣು ಜಾಗ ಖಾಲಿ ಉಳಿಯುತ್ತದೆ. ಅದನ್ನು ಅದರಷ್ಟೇ ಮೈಕಟ್ಟಿನವರ ಜೊತೆ ಕೂರಿಸಿ. ಅಕ್ಕನ ಮಗ ಹಟ ಮಾಡಿದರೂ ಅಷ್ಟೇ.

ಕಾಲು ಗಾಳಿಯಲ್ಲಿ ತೂಗಾಡುವ ಬಗೆ ಇನ್ನೊಂದು. ಇಮ್ಯಾಜಿಕಾದ ನೈಟ್ರೊ ಈ ಜಾತಿಯದು. ಸ್ವಿಟ್ಜರ್ಲೆಂಡಿನ ಬಾಲಿಗರ್ ಅಂಡ್ ಮಬಿಲಾರ್ಡ್ ಕಂಪನಿ ಕಟ್ಟಿದ ಇದು 2013ರಲ್ಲಿ ಶುರುವಾಯಿತು. ಸೀಟಿನ ಕೆಳಗೆ ನೆಲವೇ ಇಲ್ಲ, ಐದು ಸಲ ತಲೆಕೆಳಗಾಗುತ್ತದೆ. ಮುಂದೆ ಮಂಡಿ ತಾಗಲು ಏನೂ ಇಲ್ಲದ್ದರಿಂದ ಕಾಲುದ್ದದವರಿಗೆ ಇದಕ್ಕಿಂತ ಹಿತವಾದ ಸೀಟು ಸಿಗುವುದು ಕಷ್ಟ. ನಿಲ್ದಾಣದಲ್ಲಿ ನೆಲದ ಹಲಗೆ ಸರಿಯುವಾಗ ಮಾತ್ರ ಪಾದ ಎತ್ತಿ ಹಿಡಿಯಿರಿ. ಗಿಡ್ಡದವರ ಕಾಲು ತಾನಾಗಿಯೇ ಮೇಲಿರುತ್ತದೆ, ನಮ್ಮದು ನೆಲಕ್ಕೆ ಊರಿರುತ್ತದೆ.

ಪುಟ್ಟ ಡಬ್ಬಿಗಳು ಚೂಪಾದ ತಿರುವಿನಲ್ಲಿ ಗಕ್ಕನೆ ಹೊರಳುವ ವೈಲ್ಡ್ ಮೌಸ್ ಜಾತಿಯ ಕೋಸ್ಟರ್ ನೋಡಲು ಪಾಪದ್ದು. ಉದ್ದದವರಿಗೆ ದೊಡ್ಡದಕ್ಕಿಂತ ಇದೇ ಹೆಚ್ಚು ನೋವು ಕೊಡುತ್ತದೆ, ಏಕೆಂದರೆ ಪ್ರತಿ ತಿರುವಿಗೂ ಮಂಡಿಯ ಪಕ್ಕ ಡಬ್ಬಿಯ ತಗಡಿಗೆ ಬಡಿಯುತ್ತದೆ. ಎರಡೂ ಮಂಡಿ ಜೋಡಿಸಿ ಒಂದೇ ಬದಿಗೆ ವಾಲಿಸಿ ಒತ್ತಿ ಹಿಡಿದರೆ ಬಡಿತ ಕಮ್ಮಿ. ನನ್ನನ್ನು ಕೇಳಿದರೆ ಇದನ್ನು ಬಿಟ್ಟೇಬಿಡಿ.

ಐದನೇ ಹಂತ: ಹೊರಡುವ ದಿನ

ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು ಮುನ್ನೂರು ಕಿಲೋಮೀಟರ್. ರಾತ್ರಿಯಿಡೀ ಬಸ್ಸಿನಲ್ಲಿ ಮಂಡಿ ಮಡಚಿ ಕೂತು ಬೆಳಿಗ್ಗೆ ಸೀದಾ ಕೋಸ್ಟರ್ ಹತ್ತುವುದು ಉದ್ದದವರಿಗೆ ಹೇಳಿಸಿದ ಪ್ಲಾನಲ್ಲ. ಬಿಗಿದ ಕತ್ತು, ಹಿಡಿದ ಸೊಂಟ ಎರಡನ್ನೂ ಜೊತೆಗೆ ತೆಗೆದುಕೊಂಡು ಹೋದಂತೆ. ಹಿಂದಿನ ದಿನವೇ ರೈಲಿನಲ್ಲಿ ಹೋಗಿ ನೆಂಟರ ಮನೆಯಲ್ಲಿ ಉಳಿದರೆ ಒಳ್ಳೆಯದು. ರೈಲಿನಲ್ಲಾದರೆ ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು. ರಾತ್ರಿ ಬಸ್ಸೇ ಗತಿ ಎಂದಾದರೆ ಸ್ಲೀಪರ್ ಬಿಟ್ಟು ಮೊದಲ ಸಾಲಿನ ಸೀಟು ಕೇಳಿ. ಸ್ಲೀಪರ್ ಬರ್ತ್‌ಗಳ ಉದ್ದ ಆರಡಿಯ ಆಸುಪಾಸು, ನಾವು ಅದರಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಬೇಕು. ಬೆಂಗಳೂರಿನಿಂದ ಬಿಡದಿ ಕಡೆಗೆ ಮೈಸೂರು ರಸ್ತೆಯ ಬಸ್ಸುಗಳಿವೆ. ನೇರಳೆ ಮೆಟ್ರೊದಲ್ಲಿ ಚಲ್ಲಘಟ್ಟದವರೆಗೆ ಹೋಗಿ ಅಲ್ಲಿಂದ ರಸ್ತೆ ಹಿಡಿದರೆ ನಗರದ ಟ್ರಾಫಿಕ್ ತಪ್ಪುತ್ತದೆ.

ಬೆಳಿಗ್ಗೆ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಬೇಡ, ಕಡುಬು–ಕೋಳಿಸಾರು ಬಾರಿಸಿ ಹೋಗುವುದೂ ಬೇಡ. ಘಾಟಿ ಇಳಿಯುವಾಗ ವಾಂತಿಯಾಗುವವರು ಮಾತ್ರೆಯ ವಿಷಯ ಡಾಕ್ಟರನ್ನೋ ಮೆಡಿಕಲ್ ಶಾಪಿನವರನ್ನೋ ಮೊದಲೇ ಕೇಳಿಕೊಳ್ಳಿ. ಆ ಬಗೆಯ ಮಾತ್ರೆಗಳು ನಿದ್ದೆ ತರಿಸುವುದು ಜಾಸ್ತಿ.

ಬಟ್ಟೆಯಲ್ಲಿ ದಪ್ಪ ಜೀನ್ಸ್ ಬೇಡ, ಮಂಡಿ ಮಡಚಲು ಸಲೀಸಾದ ಪ್ಯಾಂಟ್ ಇರಲಿ. ಜೇಬು ಪೂರಾ ಖಾಲಿ ಮಾಡಿ. ತೊಡೆಯ ಜೇಬಿನಲ್ಲಿ ಮೊಬೈಲ್ ಇದ್ದರೆ ಲ್ಯಾಪ್ ಬಾರ್ ಅದರ ಮೇಲೇ ಕೂತು, ತೊಡೆಯಲ್ಲಿ ಮೊಬೈಲಿನ ಚೌಕ ಅಚ್ಚು ಮೂಡುತ್ತದೆ. ಹವಾಯಿ ಚಪ್ಪಲಿ ಗಾಳಿಗೆ ಹಾರುತ್ತದೆ, ದಪ್ಪ ಅಟ್ಟೆಯ ಶೂ ಮಂಡಿಯನ್ನು ಇನ್ನೂ ಎರಡು ಬೆರಳು ಮೇಲೆತ್ತುತ್ತದೆ. ತೆಳು ಅಟ್ಟೆಯ ಕ್ಯಾನ್ವಾಸ್ ಸರಿಯಾದದ್ದು.

ಆರನೇ ಹಂತ: ಕ್ಯೂನಲ್ಲಿ ನಿಂತು ನೋಡುವುದು

ಕೆಲವು ಪಾರ್ಕ್‌ಗಳಲ್ಲಿ ಕೋಸ್ಟರ್‌ನ ಬಾಗಿಲಲ್ಲೇ ಪರೀಕ್ಷೆಗೆಂದು ಒಂದು ಸೀಟು ಇಟ್ಟಿರುತ್ತಾರೆ. ಇದ್ದರೆ ಸಂಕೋಚ ಪಡದೆ ಕೂತು ನೋಡಿ. ಇಲ್ಲದಿದ್ದರೆ ಕ್ಯೂನಿಂದಲೇ ಎರಡು ಟ್ರಿಪ್ ಗಮನಿಸಿ. ನಿಮ್ಮಷ್ಟು ಉದ್ದದವರು ಯಾರಾದರೂ ಇಳಿದರೆ ಹೇಗಿತ್ತು ಎಂದು ಕೇಳಿ. ಉದ್ದದವರು ಉದ್ದದವರಿಗೆ ನಿಜ ಹೇಳುತ್ತಾರೆ.

ಸಾಲು ಆರಿಸುವಾಗ ಮುಂದಿನ ಸಾಲೇ ಒಳ್ಳೆಯದು ಎಂದು ಕಣ್ಣು ಮುಚ್ಚಿ ಹೋಗಬೇಡಿ. ಕೆಲವು ಗಾಡಿಗಳಲ್ಲಿ ಮೊದಲ ಸಾಲಿನ ಮುಂದೆ ಕಾಲು ಚಾಚಲು ಜಾಗ ಜಾಸ್ತಿ, ಕೆಲವದರಲ್ಲಿ ಮೂತಿಯ ಕವಚ ಒಳಕ್ಕೆ ಬಾಗಿ ಇನ್ನೂ ಇಕ್ಕಟ್ಟು. ಇಣುಕಿ ನೋಡಿ ನಿರ್ಧರಿಸಿ. ಕೊನೆಯ ಸಾಲಿನಲ್ಲಿ ಎಳೆತ ಜೋರು, ಇಳಿಜಾರಿಗೆ ಗಾಡಿ ಜಗ್ಗಿಕೊಂಡು ಹೋಗುವಾಗ ಕತ್ತಿಗೆ ಅದರ ಪೆಟ್ಟು ಗೊತ್ತಾಗುತ್ತದೆ. ಮೊದಲ ಸಲಕ್ಕೆ ನಡುವಿನ ಸಾಲು ಹಿಡಿಯಿರಿ. ಕೆಲವು ಕೋಸ್ಟರ್‌ಗಳಲ್ಲಿ ದೊಡ್ಡ ಮೈಯವರಿಗೆಂದೇ ಒಂದೆರಡು ಸಾಲಿನಲ್ಲಿ ಅಗಲದ ಸೀಟು, ಉದ್ದದ ಬೆಲ್ಟ್ ಇರುತ್ತದೆ. ಆಪರೇಟರ್ ಬಳಿ ಕೇಳಿದರೆ ತೋರಿಸುತ್ತಾರೆ.

ಏಳನೇ ಹಂತ: ಕೂರುವ ಕ್ರಮ

ಗಾಡಿ ನಿಂತಿರುವ ಈ ಒಂದು ನಿಮಿಷದಲ್ಲೇ ಮುಂದಿನ ಸುಖದುಃಖ ಎಲ್ಲ ತೀರ್ಮಾನವಾಗುವುದು. ಅವಸರ ಮಾಡಬೇಡಿ, ಹಿಂದಿನವರು ತಳ್ಳಿದರೂ.

ಒಳಗೆ ಕಾಲಿಟ್ಟ ಕೂಡಲೇ ಧೊಪ್ಪನೆ ಕೂರದೆ, ಎರಡೂ ಕೈ ಸೀಟಿನ ಅಂಚಿಗೆ ಊರಿ ಮೈ ಎತ್ತಿ ಸೊಂಟವನ್ನು ಒರಗಿಗೆ ತಾಗುವವರೆಗೂ ಹಿಂದಕ್ಕೆ ತಳ್ಳಿ. ಅಲ್ಲಿ ಎರಡು ಬೆರಳು ಸಂದು ಉಳಿದರೂ ಮುಂದೆ ಮಂಡಿಗೆ ಎರಡು ಬೆರಳು ಜಾಗ ಹೋಯಿತು ಎಂದೇ ಲೆಕ್ಕ. ಹಿಮ್ಮಡಿ ಸೀಟಿನ ಬುಡದ ಕಡೆಗೆ ಎಳೆದುಕೊಳ್ಳಿ, ಮಂಡಿ ತಗ್ಗುತ್ತದೆ, ತೊಡೆ ಸೀಟಿಗೆ ಮಲಗುತ್ತದೆ. ಮುಂದಿನ ಸೀಟಿನ ತಗಡಿಗೆ ಮೊಣಕಾಲಿನ ಎಲುಬು ತಾಗುತ್ತಿದೆಯೇ ಎಂದು ಕೈ ಹಾಕಿ ನೋಡಿ. ತಾಗುತ್ತಿದ್ದರೆ ಪಾದವನ್ನು ಹೊರಕ್ಕೆ ತಿರುಗಿಸಿದರೆ ಸ್ವಲ್ಪ ಜಾಗ ಬರುತ್ತದೆ.

ಈಗ ಬೆನ್ನು. ಬಾರ್ ಇಳಿಯುವ ಮೊದಲು ನೆಟ್ಟಗೆ ಕೂತು ಎದೆ ತುಂಬ ಉಸಿರು ಎಳೆದುಕೊಳ್ಳಿ. ಬಾರ್ ಇಳಿದು ಭುಜದ ಮೇಲೆ ಮೆಲ್ಲಗೆ ಕೂರಲಿ. ಅದು ಇಳಿಯುವಾಗ ಕಟ್, ಕಟ್ ಎಂದು ಸದ್ದು ಬಂದರೆ ಒಳಗಿರುವುದು ಹಲ್ಲಿನ ಲಾಕ್. ಅದು ಒಂದೊಂದೇ ಹಲ್ಲು ಇಳಿಯುತ್ತದೆ, ಆಪರೇಟರ್ ಬಿಡುವವರೆಗೆ ಮೇಲೆ ಬರುವುದಿಲ್ಲ. ಸದ್ದಿಲ್ಲದೆ ನುಣ್ಣಗೆ ಇಳಿದರೆ ಎಣ್ಣೆಯ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ ಲಾಕ್, ಅದು ಎಲ್ಲಿ ಬೇಕಾದರೂ ನಿಲ್ಲುತ್ತದೆ.

ಹಲ್ಲಿನ ಲಾಕ್‌ನಲ್ಲಿ ಬಗ್ಗಿ ಕೂತರೆ ಏನಾಗುತ್ತದೆ ಎನ್ನುವುದು ಗೊತ್ತಿರಬೇಕು. ಬಗ್ಗಿದ ಭುಜದ ಮಟ್ಟಕ್ಕೆ ಬಾರ್ ಇಳಿದು ನಿಂತಿರುತ್ತದೆ. ಟ್ರ್ಯಾಕ್ ಬಳೆಯಂತೆ ಸುತ್ತಿ ತಲೆಕೆಳಗು ಮಾಡುವ ಲೂಪಿನ ಬುಡದಲ್ಲಿ ನಿಮ್ಮ ತೂಕ ನಾಲ್ಕೈದು ಪಟ್ಟಾದಾಗ ಮೈ ಇನ್ನಷ್ಟು ಕುಗ್ಗುತ್ತದೆ, ಬಾರ್ ಇನ್ನೊಂದು ಹಲ್ಲು ಇಳಿದುಬಿಡುತ್ತದೆ. ಲೂಪ್ ಮುಗಿದು ಬೆನ್ನು ನೆಟ್ಟಗಾಗಲು ನೋಡಿದರೆ ಜಾಗವೇ ಇಲ್ಲ! ಅಲ್ಲಿಂದ ನಿಲ್ದಾಣದವರೆಗೂ ಕಬ್ಬಿಣ ಭುಜ ಒತ್ತುತ್ತಲೇ ಇರುತ್ತದೆ. ಮೊದಲೇ ನೆಟ್ಟಗೆ ಕೂತವನ ಬೆನ್ನು ಕುಗ್ಗುವುದೂ ಕಮ್ಮಿ, ಬಾರ್ ಇಳಿಯುವುದೂ ಕಮ್ಮಿ. ಹಾಗೆಂದು ಬಾರ್ ಕೆಳಗೆ ಕೈ ಕೊಟ್ಟು ತಡೆದು ಸಡಿಲ ಉಳಿಸಿಕೊಳ್ಳಲು ಹೋಗಬೇಡಿ. ಭುಜಕ್ಕೆ ಒತ್ತದಂತೆ ತಾಗಿದರೆ ಅದೇ ಸರಿಯಾದ ಮಟ್ಟ.

ಲ್ಯಾಪ್ ಬಾರ್ ಆದರೆ ಅದು ಕೂರಬೇಕಾದ್ದು ತೊಡೆ ಸೊಂಟಕ್ಕೆ ಸೇರುವ ಮಡಿಕೆಯಲ್ಲಿ. ಮಂಡಿಯ ಮೇಲಲ್ಲ, ಹೊಟ್ಟೆಯ ಮೇಲೂ ಅಲ್ಲ. ಬೆಲ್ಟ್ ಇದ್ದರೆ ಬಕಲ್ ಹಾಕಿ ಒಮ್ಮೆ ಜಗ್ಗಿ ನೋಡಿ.

ಆಪರೇಟರ್ ಬಂದು ಬಾರ್ ಹಿಡಿದು ಮೇಲಕ್ಕೆ ಎಳೆದು, ಕೆಳಕ್ಕೆ ಒತ್ತಿ ನೋಡುತ್ತಾನೆ. ಆ ಒತ್ತುವಿಕೆಗೆ ಒಂದು ಹಲ್ಲು ಜಾಸ್ತಿ ಇಳಿದು ನೋವಾದರೆ ಆಗಲೇ, ಅಲ್ಲೇ ಬಾಯಿಬಿಟ್ಟು ಹೇಳಿ: ‘ಅಣ್ಣಾ, ಭುಜಕ್ಕೆ ಒತ್ತುತ್ತಿದೆ, ಒಮ್ಮೆ ಬಿಚ್ಚಿ ಹಾಕಿ.’ ಬಿಚ್ಚಲು ಸಾಲು ಪೂರ್ತಿ ಬಿಚ್ಚಬೇಕಾಗಬಹುದು, ಪಕ್ಕದವರು ಮುಖ ಕಿವುಚಬಹುದು. ಪರವಾಗಿಲ್ಲ, ದೋಟಿ ಎಂದು ಊರಿನವರಿಂದ ಕರೆಸಿಕೊಂಡು ಬೆಳೆದವರಿಗೆ ಅದೇನು ದೊಡ್ಡದಲ್ಲ. ಎರಡನೇ ಸಲವೂ ಲಾಕ್ ಆಗದಿದ್ದರೆ ಅಥವಾ ನೋವು ಹಾಗೇ ಇದ್ದರೆ ಇಳಿದುಬಿಡಿ. ‘ಆಗುತ್ತೆ ಹೋಗಿ’ ಎಂದು ಸ್ನೇಹಿತರು ಹುರಿದುಂಬಿಸಿದರೂ ಕೇಳಬೇಡಿ. ಅರ್ಧ ಲಾಕ್ ಆದ ಬಾರ್ ಲೆಕ್ಕಕ್ಕೆ ಇಲ್ಲದ ಬಾರ್.

ಎಂಟನೇ ಹಂತ: ಗಾಡಿ ಹೊರಟ ಮೇಲೆ

ಬಿಡದಿಯ ರಿಕಾಯಿಲ್ ಮುಂದಕ್ಕೆ ಹೋಗಿ ಅದೇ ದಾರಿಯಲ್ಲಿ ಹಿಂದಕ್ಕೆ ಬರುವ ಕೋಸ್ಟರ್. ಈ ಬಗೆಯಲ್ಲಿ ಜಗತ್ತಿಗೆಲ್ಲ ಪರಿಚಿತವಾದ ಮಾದರಿ ನೆದರ್‌ಲ್ಯಾಂಡ್ಸ್‌ನ ವೆಕೋಮಾ ಕಂಪನಿಯ ಬೂಮರಾಂಗ್. ಸುಮಾರು 35 ಮೀಟರ್ ಎತ್ತರ, ಗಂಟೆಗೆ 75 ಕಿಲೋಮೀಟರ್ ವೇಗ. ಹೋಗುವಾಗ ಮೂರು, ಬರುವಾಗ ಮೂರು, ಒಟ್ಟು ಆರು ಸಲ ತಲೆಕೆಳಗು. ಆ ಮಾದರಿಯನ್ನೇ ಇಟ್ಟುಕೊಂಡು ಮೈ ಹೇಗಿರಬೇಕು ಎಂದು ನೋಡೋಣ.

ಮೊದಲು ಗಾಡಿಯನ್ನು ಹಿಮ್ಮುಖವಾಗಿ ಇಳಿಜಾರಿನ ತುದಿಗೆ ಎಳೆಯುತ್ತಾರೆ. ಮುಖ ನೆಲದ ಕಡೆ ಆಗಿ ಮೈಭಾರ ಎಲ್ಲ ಭುಜದ ಬಾರ್ ಮೇಲೆ ಬೀಳುತ್ತದೆ. ಬೆನ್ನುದ್ದದವರಿಗೆ ಇಲ್ಲೇ ಕಾಲರ್ ಬೋನ್ ನೋಯುವುದು. ಬಾರ್‌ನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ತೋಳಿನ ಬಲದಿಂದ ಎದೆಯನ್ನು ಒರಗಿನ ಕಡೆಗೆ ತಳ್ಳಿ ಹಿಡಿದರೆ ಭಾರ ಹಂಚಿಹೋಗುತ್ತದೆ. ಪಾದ ನೆಲಕ್ಕೆ ಊರಿರಲಿ.

ಬಿಟ್ಟ ಕೂಡಲೇ ನಿಲ್ದಾಣದ ಮೂಲಕ ಹಾದು ಹಾವಿನ ಹೆಡೆಯಾಕಾರದ ಎರಡು ತಿರುವಿಗೆ ನುಗ್ಗುತ್ತದೆ, ಆಮೇಲೆ ದೊಡ್ಡ ಲೂಪ್. ತಲೆಯನ್ನು ಹೆಡ್‌ರೆಸ್ಟಿಗೆ ಒತ್ತಿ, ಗದ್ದ ಸ್ವಲ್ಪ ಕೆಳಗೆ, ಹಲ್ಲು ಕೂಡಿಸಿ. ನಾಲಿಗೆ ಹಲ್ಲಿನ ನಡುವೆ ಬೇಡ. ಹೆಡ್‌ರೆಸ್ಟ್ ನಿಮ್ಮ ಕತ್ತಿನ ಮಟ್ಟಕ್ಕೇ ಮುಗಿಯುತ್ತಿದ್ದರೆ ಕತ್ತನ್ನು ಹಿಂದಕ್ಕೆ ಎಸೆಯದೆ ನೆಟ್ಟಗೆ ಬಿಗಿ ಹಿಡಿಯಿರಿ, ಕಣ್ಣು ಟ್ರ್ಯಾಕ್ ಹೋಗುವ ದಿಕ್ಕಿಗೆ ಇರಲಿ. ಮುಂದಿನ ತಿರುವು ಕಣ್ಣಿಗೆ ಕಂಡರೆ ಕತ್ತು ತಾನಾಗಿ ಸಿದ್ಧವಾಗುತ್ತದೆ. ಲೂಪಿನ ಬುಡದಲ್ಲಿ ಕೆಳಗೆ ನೋಡಬೇಡಿ. ನಾಲ್ಕೈದು ಪಟ್ಟು ಭಾರವಾದ ತಲೆ ಒಮ್ಮೆ ಬಗ್ಗಿದರೆ ಮತ್ತೆ ಎತ್ತುವುದಕ್ಕೆ ಆಗುವುದಿಲ್ಲ.

ಎದುರಿನ ಇಳಿಜಾರು ಹತ್ತುವಾಗ ಮುಖ ಆಕಾಶದ ಕಡೆ, ಬೆನ್ನು ಪೂರ್ತಿ ಸೀಟಿನ ಮೇಲೆ. ಸುಧಾರಿಸಿಕೊಳ್ಳಲು ಸಿಗುವ ಜಾಗ ಇದೊಂದೇ. ಭುಜ ಸಡಿಲ ಮಾಡಿ, ಸೊಂಟವನ್ನು ಮತ್ತೊಮ್ಮೆ ಹಿಂದಕ್ಕೆ ಸೇರಿಸಿಕೊಳ್ಳಿ. ಏಕೆಂದರೆ ಇನ್ನು ಹೋಗುವುದು ಹಿಂದಕ್ಕೆ, ತಿರುವು ಯಾವಾಗ ಬರುತ್ತದೆ ಎಂದು ಕಾಣುವುದಿಲ್ಲ. ಹಾಗಾಗಿ ಹಿಮ್ಮುಖದ ಓಟ ಮುಗಿಯುವವರೆಗೂ ತಲೆ ಹೆಡ್‌ರೆಸ್ಟ್ ಬಿಡಬಾರದು. ಪಕ್ಕದವರ ಮುಖ ನೋಡಲು ತಿರುಗಿದವರೇ ಕತ್ತು ಹಿಡಿದುಕೊಂಡು ಇಳಿಯುವುದು. ಕೊನೆಗೆ ಬ್ರೇಕ್ ಹಾಕುವಾಗ ಪಾದ ಊರಿ, ತೋಳು ಬಿಗಿ ಮಾಡಿ. ಇಲ್ಲದಿದ್ದರೆ ಮಂಡಿ ಹೋಗಿ ಮುಂದಿನ ಸೀಟಿಗೆ.

ಕೈ ಮೇಲೆತ್ತಿ ಕೂಗುವುದು ಉದ್ದದವರಿಗೆ ಹೇಳಿದ್ದಲ್ಲ. ಗರಿಷ್ಠ ಎತ್ತರದ ಹತ್ತಿರ ಇದ್ದರಂತೂ ಹಿಡಿಕೆ ಬಿಡಲೇಬೇಡಿ.

ಊರ ಜಾತ್ರೆಯಲ್ಲಿ

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿರಸಿಯದು ಎರಡು ವರ್ಷಕ್ಕೊಮ್ಮೆ. ಪಾರ್ಕಿನ ಕೋಸ್ಟರ್‌ಗಿಂತ ಇಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಭುಜದ ಬಾರ್ ಎಂಬುದೇ ಇಲ್ಲ, ಇರುವುದು ಒಂದು ಅಡ್ಡ ಸರಳು, ಕೆಲವೊಮ್ಮೆ ಒಂದು ಸರಪಳಿ. ಹತ್ತುವ ಮೊದಲು ಸರಳಿನ ಕೊನೆಯಲ್ಲಿ ಪಿನ್ ಇದೆಯೇ, ಅದು ಜಾರದಂತೆ ಕ್ಲಿಪ್ ಇದೆಯೇ ನೋಡಿ. ತಂತಿ ಸುತ್ತಿ ಕಟ್ಟಿದ್ದರೆ ಹತ್ತಬೇಡಿ, ಆ ದುಡ್ಡಿಗೆ ಮಂಡಕ್ಕಿ ಉಸುಲಿ ತಿನ್ನಿ.

ಬೆನ್ನುದ್ದದವರ ಮೈಭಾರದ ಹೆಚ್ಚು ಪಾಲು ಸರಳಿನ ಮೇಲಕ್ಕೇ ಇರುತ್ತದೆ. ಕೊಲಂಬಸ್ ದೋಣಿ ತುದಿಗೆ ಹೋಗಿ ಬಾಗಿದಾಗ ಅವರು ಇತರರಿಗಿಂತ ಸಲೀಸಾಗಿ ಮುಂದಕ್ಕೆ ಮಗುಚುತ್ತಾರೆ. ತುದಿಯ ಸಾಲಿನಲ್ಲಿ ಏರಿಳಿತ ಅತಿ ಹೆಚ್ಚು, ದೋಣಿಯ ನಡುವೆ ಅತಿ ಕಮ್ಮಿ. ನಡುವೆ ಕೂರಿ, ಎರಡೂ ಕೈಯಲ್ಲಿ ಸರಳು ಹಿಡಿದು ಪಾದವನ್ನು ಮುಂದಿನ ಹಲಗೆಗೆ ಒತ್ತಿ.

ಟೋರಾ ಟೋರಾ, ಬ್ರೇಕ್ ಡ್ಯಾನ್ಸ್ ಎರಡರಲ್ಲೂ ಮೈ ಹೊರಗಡೆಗೆ ಜಾರುತ್ತದೆ. ಆದ್ದರಿಂದ ದೊಡ್ಡ ಮೈಯವರು ಹೊರಬದಿಗೆ, ಸಣ್ಣವರು ಒಳಬದಿಗೆ ಕೂರಬೇಕು. ತಿರುಗಾಮುರುಗಾ ಆದರೆ ನಿಮ್ಮ ಎಂಬತ್ತು ಕಿಲೋ ಪೂರಾ ಪಕ್ಕದವರ ಪಕ್ಕೆಲುಬಿಗೆ. ಜಯಂಟ್ ವೀಲ್‌ನಲ್ಲಿ ತಲೆ ತೊಟ್ಟಿಲಿನ ಮಾಡಿಗೆ ತಾಗುವ ಹಾಗಿದ್ದರೆ ಬಗ್ಗಿಯಾದರೂ ಒಳಗೇ ಇರಲಿ, ಹೊರಗೆ ಇಣುಕಬೇಡಿ. ಬಗ್ಗಬಹುದು ಎಂದು ಈ ಬರಹದಲ್ಲಿ ನಾನು ಹೇಳುವುದು ಇಲ್ಲೊಂದೇ ಕಡೆ, ಏಕೆಂದರೆ ಅಲ್ಲಿ ವೇಗವೂ ಇಲ್ಲ, ಲೂಪೂ ಇಲ್ಲ.

ಇಳಿದ ಮೇಲೆ

ಒಂದು ಕೋಸ್ಟರ್ ಇಳಿದು ಸೀದಾ ಇನ್ನೊಂದರ ಕ್ಯೂಗೆ ಓಡಬೇಡಿ. ನೀರು ಕುಡಿದು, ಕತ್ತನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸಿ ನೋಡಿ. ಕುಡಿದಿರದಿದ್ದರೂ ತೂರಾಡಿದಂತಾದರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಭುಜದ ಮೇಲೆ ಕೆಂಪು ಗೆರೆ, ಮಂಡಿಯಲ್ಲಿ ನೀಲಿ ಗುರುತು ಎರಡು ದಿನ ಇರಬಹುದು. ತಣ್ಣೀರಿನ ಬಟ್ಟೆ ಇಟ್ಟರೆ ಸಾಕು, ಅದೇ ದಿನ ಬಿಸಿ ಎಣ್ಣೆ ಹಾಕಿ ಉಜ್ಜಿಸಿಕೊಳ್ಳುವುದು ಬೇಡ.

ಕೈ ಜೋಮು ಹಿಡಿದು ಬಿಡದಿದ್ದರೆ, ಹಿಂದೆಂದೂ ಬಾರದ ಜೋರು ತಲೆನೋವು ಶುರುವಾದರೆ, ಕಣ್ಣು ಎರಡೆರಡು ಕಂಡರೆ, ಎದೆಯ ಒಂದು ಬದಿಯಲ್ಲಿ ಚುಚ್ಚಿ ಉಸಿರು ಸಾಲದೆ ಹೋದರೆ, ಊರಿಗೆ ಹೋಗಿ ನೋಡೋಣ ಎನ್ನದೆ ಅಲ್ಲೇ ಹತ್ತಿರದ ಆಸ್ಪತ್ರೆಗೆ ಹೋಗಿ. ಶಿವಮೊಗ್ಗದ ರೈಲು ಮರುದಿನವೂ ಇದೆ.